ಎರಡೂ ಕೈಗೆ ಹಚ್ಚೆ

ಮ್ಯಾಮೊಗ್ರಾಮ್ ಕೋಣೆಗೆ ಬಂದ ಹೆಂಗಸರಿಗೆ ನಾನು ಮೊದಲು ಹೇಳುವ ಮಾತು, ‘ಕೈ ಮ್ಯಾಲೆತ್ತಿ ಈ ಹಿಡಿಕಿ ಹಿಡ್ಕೊಳ್ರಿ’ ಎಂದು. ಎದೆಯ ಚಿತ್ರ ತೆಗೆಯುವಾಗ ಕೈ ಅಡ್ಡ ಬರಬಾರದು. ಅವರು ನಾಚಿಕೊಂಡು ಅರ್ಧ ಎತ್ತುತ್ತಾರೆ, ಉಳಿದರ್ಧ ನಾನೇ ಹಿಡಿದು ಎತ್ತುತ್ತೇನೆ. ರಾಯಚೂರಿನ ಈ ಆಸ್ಪತ್ರೆಯಲ್ಲಿ ಒಂಬತ್ತು ವರ್ಷದಿಂದ ಇದೇ ಕೆಲಸ. ಸಾವಿರಾರು ಕೈ ಹಿಡಿದಿದ್ದೇನೆ. ಹಿಡಿಯಬೇಕಾಗಿದ್ದ ಒಂದು ಕೈಯನ್ನು ಹಿಡಿಯಲಿಲ್ಲ, ಅದನ್ನೇ ಈಗ ಹೇಳಬೇಕಾಗಿದೆ.

ನನ್ನ ಹೆಸರು ದಾನೇಶ್ವರಿ, ಊರು ದೇವದುರ್ಗ. ಅಪ್ಪ ಅವ್ವ ಕೂಲಿ ಮಾಡಿದವರು. ನಮ್ಮ ಮನೆತನದಲ್ಲಿ ಬಿಳಿ ಕೋಟು ಹಾಕಿದವಳು ನಾನೇ ಮೊದಲು, ಅದರ ಸೊಕ್ಕು ನನಗೆ ಚೆನ್ನಾಗಿಯೇ ಇತ್ತು. ಯಾರಾದರೂ ನನಗೆ ಕೆಲಸ ಕಲಿಸಲು ಬಂದರೆ ಮೈಯೆಲ್ಲ ಉರಿಯುತ್ತಿತ್ತು. ಮೂರು ವರ್ಷದ ಹಿಂದೆ ಕಲಿಸಲು ಬಂದದ್ದು ಮನುಷ್ಯರಲ್ಲ, ಎಐ.

ಅದು ಹೊಸ ಯಂತ್ರವೇನಲ್ಲ, ಇದ್ದ ಕಂಪ್ಯೂಟರಿಗೆ ಹಾಕಿದ ಒಂದು ಸಾಫ್ಟ್‌ವೇರ್. ನಾನು ತೆಗೆದ ಚಿತ್ರವನ್ನು ನೋಡಿ, ಅನುಮಾನ ಬಂದ ಕಡೆ ಕೆಂಪು ವೃತ್ತ ಎಳೆದು, ಪಕ್ಕದಲ್ಲಿ ನೂರಕ್ಕೆ ಇಷ್ಟು ಎಂದು ಅಂಕಿ ಹಾಕುತ್ತದೆ. ಅಂಕಿ ದೊಡ್ಡದಾದಷ್ಟೂ ಕ್ಯಾನ್ಸರ್ ಇರುವ ಸಂಭವ ಹೆಚ್ಚು. ಚಿತ್ರ, ವೃತ್ತ, ಅಂಕಿ, ಜೊತೆಗೆ ರೋಗಿಯ ಬಗ್ಗೆ ನಾನು ಬರೆದ ನಾಲ್ಕು ಸಾಲು, ಎಲ್ಲವೂ ಹೈದರಾಬಾದಿನಲ್ಲಿ ಕುಳಿತ ಒಬ್ಬ ಡಾಕ್ಟರಿಗೆ ಹೋಗುತ್ತವೆ. ಅವರು ದಿನಕ್ಕೆ ಹತ್ತೂರಿನ ಚಿತ್ರ ನೋಡಿ ವರದಿ ಕಳಿಸುತ್ತಾರೆ. ಆ ವರದಿ ಹಿಡಿದು ಯಾವ ಚಿಕಿತ್ಸೆ ಎಂದು ನಿರ್ಧರಿಸುವವರು ನಮ್ಮ ಸರ್ಜನ್, ಡಾ. ಜಹೀರ್.

ಬಂದ ಆರೇ ತಿಂಗಳಿಗೆ ಆ ಎಐ ನನ್ನ ಕೈಗೆ ಸಿಕ್ಕಿಬಿತ್ತು. ಗಿಲ್ಲೆಸುಗೂರಿನ ಸುಂಕಮ್ಮ ಎಂಬ ಮುದುಕಿಯ ಎದೆಯಲ್ಲಿ ಸಣ್ಣದೊಂದು ಕ್ಯಾನ್ಸರ್ ಗಂಟು ಇತ್ತು. ಎಐ ಅದರ ಜೊತೆಗೆ ಕಂಕುಳಿನ ಗ್ರಂಥಿಗಳಿಗೂ ವೃತ್ತ ಎಳೆದು ತೊಂಬತ್ತೊಂದು ಎಂದು ಹಾಕಿತು. ರೋಗ ಎದೆ ದಾಟಿ ಕಂಕುಳಿಗೆ ಹಬ್ಬಿದೆ ಎಂದು ಅದರ ಅರ್ಥ. ಹಬ್ಬಿದ್ದರೆ ಚಿಕಿತ್ಸೆಯೇ ಬೇರೆ, ದೊಡ್ಡದು, ಆ ಮುದುಕಿ ತಡೆಯುವಂಥದ್ದಲ್ಲ. ಆದರೆ ನಾನು ಅವಳ ಕೈ ಎತ್ತಿ ಹಿಡಿದವಳು. ಮುಂಗೈಯಿಂದ ಭುಜದವರೆಗೆ ಹಚ್ಚೆ ಇತ್ತು, ಚೇಳು, ತೊಟ್ಟಿಲು, ನವಿಲು, ಚುಕ್ಕೆಯ ಸಾಲು, ಬೆರಳಿಡಲು ಜಾಗವಿಲ್ಲ. ಹಚ್ಚೆಯ ಮಸಿ ವರ್ಷ ಕಳೆದಂತೆ ಇಷ್ಟಿಷ್ಟೇ ಇಳಿದು ಕಂಕುಳಿನ ಗ್ರಂಥಿಗಳಲ್ಲಿ ಸೇರಿಕೊಳ್ಳುತ್ತದೆ, ಚಿತ್ರದಲ್ಲಿ ಬಿಳಿ ಕಾಳುಗಳಂತೆ ಕಾಣುತ್ತದೆ ಎಂದು ಡಿಪ್ಲೊಮಾದಲ್ಲಿ ಒಬ್ಬ ಮೇಷ್ಟ್ರು ಹೇಳಿದ್ದು ನೆನಪಿಗೆ ಬಂತು. ಹೋಗಿ ಡಾ. ಜಹೀರ್ ಮುಂದೆ ನಿಂತು ಹೇಳಿದೆ. ಅವರು ಸೂಜಿ ಹಾಕಿಸಿ ಗ್ರಂಥಿಯೊಳಗಿನದ್ದನ್ನು ತೆಗೆಸಿ ಪರೀಕ್ಷೆಗೆ ಕಳಿಸಿದರು. ಬರೀ ಮಸಿ ಇತ್ತು, ಕ್ಯಾನ್ಸರ್ ಇರಲಿಲ್ಲ.

ಆಮೇಲೆ ನನ್ನನ್ನು ಹಿಡಿಯುವವರಿಲ್ಲ. ಆಸ್ಪತ್ರೆಯಲ್ಲಿ ಶಾಲು ಹೊದಿಸಿದರು. ಊರಿನ ಪತ್ರಿಕೆಯಲ್ಲಿ ಫೋಟೊ ಬಂತು. ಸಾಫ್ಟ್‌ವೇರಿನವರು ಫೋನ್ ಮಾಡಿ ಅರ್ಧ ಗಂಟೆ ಮಾತಾಡಿಸಿ, ಎರಡು ತಿಂಗಳಲ್ಲಿ ಅದರೊಳಗೆ ಹೊಸ ಕಲಂ ಸೇರಿಸಿದರು. ಹಚ್ಚೆ ಇದೆಯೇ? ಬಲಗೈ, ಎಡಗೈ, ಎರಡೂ ಕೈ, ಇಲ್ಲ. ಹಚ್ಚೆ ಇದೆ ಎಂದು ಗುರುತು ಹಾಕಿದರೆ ಆ ಕಡೆಯ ಕಂಕುಳಿನ ಅಂಕಿ ತಾನಾಗಿ ಇಳಿಯುತ್ತದೆ. ದೊಡ್ಡ ದೊಡ್ಡ ಕಂಪನಿಯ ಯಂತ್ರ ದೇವದುರ್ಗದ ಕೂಲಿಯವನ ಮಗಳ ಮಾತು ಕೇಳುತ್ತದಲ್ಲ ಎಂದು ಒಳಗೊಳಗೇ ಕುಣಿದಾಡಿದೆ. ಸುಂಕಮ್ಮನ ವಿಷಯದಲ್ಲಿ ಖರೆ ಕಂಡುಹಿಡಿದದ್ದು ನಾನಲ್ಲ, ಸೂಜಿ. ಅದನ್ನು ಬೇಗನೇ ಮರೆತುಬಿಟ್ಟೆ.

ಹೋದ ವರ್ಷ ಶ್ರಾವಣದಲ್ಲಿ ನಮ್ಮ ಆಸ್ಪತ್ರೆಯ ತಪಾಸಣೆ ವ್ಯಾನು ಮಾನ್ವಿಗೆ ಹೋಗಿತ್ತು. ವ್ಯಾನಿನಲ್ಲಿ ಚಿತ್ರ ತೆಗೆಯುವವರು ಬೇರೆ. ಅವರು ತೆಗೆದು ಕಳಿಸುತ್ತಾರೆ, ನಾನು ಇಲ್ಲಿ ಕುಳಿತು ಬಿಟ್ಟುಹೋದ ವಿವರ ತುಂಬಿ ಮುಂದಕ್ಕೆ ಹಾಕುತ್ತೇನೆ. ಆ ದಿನ ಪಟ್ಟಿಯಲ್ಲಿ ಒಂದು ಹೆಸರನ್ನು ಎರಡು ಸಲ ಓದಿದೆ. ವೆಂಕಮ್ಮ, ಗಂಡ ಹಂಪಯ್ಯ, ವಯಸ್ಸು ಐವತ್ತಾರು. ನನ್ನ ಚಿಗವ್ವ, ಅವ್ವನ ತಂಗಿ.

ಹೈಸ್ಕೂಲಿನ ಮೂರು ವರ್ಷ ನಾನು ಮಾನ್ವಿಯಲ್ಲಿ ಅವಳ ಮನೆಯಲ್ಲೇ ಇದ್ದೆ. ಹಂಪಯ್ಯ ಕಾಕಾ ಹಮಾಲಿ ಮಾಡಿ ಮಾಡಿ ಬೆನ್ನು ಕಳೆದುಕೊಂಡು ಮನೆ ಹಿಡಿದ ಮೇಲೆ, ಚಿಗವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಸಂಸಾರ ನಡೆಸಿದಳು. ಬೆಳಗಿನ ಜಾವ ಎದ್ದು ಇನ್ನೂರು ರೊಟ್ಟಿ. ಒಲೆಯ ಹೊಗೆ ಎಡಕ್ಕೆ ಹೋಗುತ್ತಿತ್ತು, ಅದಕ್ಕೆ ನಾನು ಯಾವಾಗಲೂ ಅವಳ ಬಲಕ್ಕೆ ಕುಳಿತು ಓದುತ್ತಿದ್ದೆ. ಬಡಿಯುವ ಕೈ ಕಣ್ಣ ಮುಂದೆಯೇ ಇರುತ್ತಿತ್ತು, ಅದರ ತುಂಬ ಹಸಿರು ಹಚ್ಚೆ. ಬೇಜಾರಾದಾಗ ಅದರ ಚೇಳನ್ನು ಬೆರಳಿಂದ ಮುಟ್ಟಿ ‘ಕಡೀತದೇನು’ ಎನ್ನುತ್ತಿದ್ದೆ. ‘ಓದದಿದ್ರ ಕಡೀತದ ಬೇ’ ಎನ್ನುತ್ತಿದ್ದಳು. ಡಿಪ್ಲೊಮಾಕ್ಕೆ ಹೋಗುವಾಗ ಬುತ್ತಿ ಕಟ್ಟಿ ಬಸ್ಸು ಹತ್ತಿಸಿದ್ದೂ ಅದೇ ಕೈ.

ಚಿತ್ರ ತೆರೆದೆ. ಎಡ ಎದೆಯಲ್ಲಿ ಗಂಟು, ಅದು ಕ್ಯಾನ್ಸರ್ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಎಡ ಕಂಕುಳಿನಲ್ಲಿ ಊದಿದ ಗ್ರಂಥಿಗಳು, ಅವುಗಳ ಸುತ್ತ ಕೆಂಪು ವೃತ್ತ, ಎಂಬತ್ತನಾಲ್ಕು. ಹಚ್ಚೆಯ ಕಲಂ ಖಾಲಿ ಬಿಟ್ಟಿದ್ದರು. ನನಗೆ ಸಿಟ್ಟು ಬಂತು. ಇಷ್ಟು ಕಾಣಿಸುವ ಹಚ್ಚೆಯನ್ನು ವ್ಯಾನಿನವರು ಬರೆದಿಲ್ಲವಲ್ಲ, ಕಣ್ಣಿಲ್ಲವೇ ಇವರಿಗೆ ಎಂದು ಬೈದುಕೊಂಡೇ ಗುರುತು ಹಾಕಿದೆ. ಎರಡೂ ಕೈ. ಎಂಬತ್ತನಾಲ್ಕು ಇದ್ದದ್ದು ಮೂವತ್ತೊಂದಕ್ಕೆ ಇಳಿಯಿತು. ಸುಂಕಮ್ಮನ ಚಿತ್ರದಲ್ಲಿದ್ದ ಬಿಳಿ ಕಾಳುಗಳು ಇದರಲ್ಲಿ ಇರಲಿಲ್ಲ. ಇವೆ ಎಂದುಕೊಂಡು ನೋಡಿದೆ, ಒಂದೆರಡು ಕಂಡಂತೆಯೂ ಆಯಿತು.

ಡಾ. ಜಹೀರ್ ಚಿಗವ್ವನನ್ನು ಕರೆಸಿ ಕೂರಿಸಿಕೊಂಡು ಬಿಡಿಸಿ ಹೇಳಿದರು. ಕಂಕುಳಿಗೆ ಹಬ್ಬಿದ್ದರೆ ಮೊದಲು ಆರು ಸಲ ಕೀಮೋ, ಆಮೇಲೆ ಎದೆ ಪೂರ್ತಿ ತೆಗೆದು ಕಂಕುಳನ್ನೂ ಬಿಡಿಸಿ ಸ್ವಚ್ಛ ಮಾಡುವ ಆಪರೇಷನ್. ಅದಾದರೆ ಕೈ ಬಾತುಕೊಳ್ಳಬಹುದು, ಭಾರದ ಕೆಲಸ ಮಾಡುವಂತಿಲ್ಲ. ಹಬ್ಬದಿದ್ದರೆ ಗಂಟು ಮಾತ್ರ ತೆಗೆದು, ಕಲಬುರಗಿಯಲ್ಲಿ ಕರೆಂಟ್ ಎಂದು ಜನ ಕರೆಯುವ ರೇಡಿಯೇಷನ್ ಕೊಡಿಸಿ, ಗುಳಿಗೆ ನುಂಗಿದರೆ ಸಾಕು.

ಚಿಗವ್ವ ಹೊರಗೆ ಬಂದು ನನ್ನ ರಟ್ಟೆ ಹಿಡಿದಳು. ‘ಕೈ ಬಾತ್ರ ರೊಟ್ಟಿ ಹೆಂಗ ಬಡೀಲಿ ದಾನಿ? ನಿಮ್ಮ ಕಾಕಾಗ ಯಾರ್ ಹಾಕ್ತಾರ? ನೀ ಡಾಕ್ಟ್ರಿಗೆ ಹೇಳು ಬೇ. ನಿನ್ನ ಮಾತು ಕೇಳ್ತಾರಂತಲ್ಲ.’

ಸೂಜಿ ಪರೀಕ್ಷೆ ಮಾಡಬೇಕಿತ್ತು. ಅದನ್ನು ಮಾಡುವ ಡಾಕ್ಟರು ನಮ್ಮಲ್ಲಿಗೆ ಬರುವುದು ಶನಿವಾರ ಮಾತ್ರ. ಒಂದು ಶನಿವಾರ ಚಿಗವ್ವ ಬಂದು ಕಾದಳು, ಅವರು ರಜೆಯಲ್ಲಿದ್ದರು. ಮುಂದಿನ ಶನಿವಾರ ಅವಳಿಗೆ ಒಂದು ಮದುವೆಯ ಎಂಟುನೂರು ರೊಟ್ಟಿ ಒಪ್ಪಿಕೊಂಡದ್ದಿತ್ತು. ‘ಇನ್ನೊಂದು ವಾರ ಕಾಯೋಣ, ಸೂಜಿ ಹಾಕದೆ ನಾ ಮುಂದಕ್ಕ ಹೋಗಂಗಿಲ್ಲ’ ಎಂದರು ಡಾ. ಜಹೀರ್.

‘ಯಾಕ್ ಸರ್ ಸುಮ್ನ? ಸುಂಕಮ್ಮನ ಕೇಸ್ ನೆನಪದ ಅಲ್ರಿ. ಇದೂ ಹಚ್ಚೀನ. ಹೈದರಾಬಾದ್ ಡಾಕ್ಟ್ರೂ ಹೂಂ ಅಂದಾರ, ಅಂಕಿನೂ ಇಳದದ’ ಎಂದೆ.

‘ಕೈ ನೀವು ನೋಡೀರೇನು ದಾನೇಶ್ವರಿ?’

‘ಆ ಕೈಲೆ ಉಂಡು ಬೆಳದಾಕಿ ಸರ್ ನಾನು.’

ಅವರು ಕೇಳಿದ್ದು ಒಂದು, ನಾನು ಹೇಳಿದ್ದು ಇನ್ನೊಂದು. ಆ ಕ್ಷಣ ಇಬ್ಬರಿಗೂ ಅದು ಉತ್ತರವೆಂದೇ ಅನಿಸಿತು. ಅವರು ಪೆನ್ನು ತೆಗೆದು ಸಣ್ಣ ಆಪರೇಷನ್ನಿಗೆ ದಿನ ಬರೆದರು.

ಆಪರೇಷನ್ ಸಸೂತ್ರವಾಗಿ ಮುಗಿಯಿತು. ವಾರ್ಡಿಗೆ ಹೋದಾಗಲೆಲ್ಲ ನಾನು ಅವಳ ಬಲಕ್ಕೇ ಸ್ಟೂಲು ಎಳೆದುಕೊಂಡು ಕೂರುತ್ತಿದ್ದೆ. ಸಲೈನು ಹಚ್ಚಿದ್ದ ಬಲಗೈ ಹೊರಗಿತ್ತು. ಎಡಗೈ ಹೊದಿಕೆಯೊಳಗಿತ್ತು. ದಸರೆ ಮುಗಿಯುವಷ್ಟರಲ್ಲಿ ಕರೆಂಟ್ ಕೊಡಿಸಿಕೊಂಡು ಬಂದು, ಸಂಕ್ರಾಂತಿಗೆ ಮತ್ತೆ ರೊಟ್ಟಿ ಬಡಿಯಲು ಕುಳಿತಳು. ತಿಂಗಳಿಗೊಮ್ಮೆ ಮಾನ್ವಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನನಗೆ ಎಳ್ಳು ಹಚ್ಚಿದ ಕಟಕ್ ರೊಟ್ಟಿಯ ಗಂಟು ಬರುತ್ತಿತ್ತು. ಮಾನ್ವಿಗೆ ಹೋದರೆ ಓಣಿಯ ಹೆಂಗಸರು ನನ್ನನ್ನು ನೋಡಲು ಬರುತ್ತಿದ್ದರು. ‘ಈಕೀನ ನೋಡ್ರಿ ನನ್ನ ಮಗಳು, ಮಶೀನ್ ಸೋಲಿಸಿದಾಕಿ, ನನ್ನ ಕೈ ಉಳಿಸಿದಾಕಿ’ ಎಂದು ಚಿಗವ್ವ ಎಲ್ಲರಿಗೂ ತೋರಿಸುತ್ತಿದ್ದಳು. ನಾನು ಬೇಡ ಬೇಡ ಎನ್ನುತ್ತ ಹಿಗ್ಗುತ್ತಿದ್ದೆ.

ಈ ವರ್ಷ ದೀಪಾವಳಿ ಮುಗಿದ ವಾರ ಫೋನ್ ಮಾಡಿದಳು. ‘ದಾನಿ, ಎಡಗೈ ಬಾತದ ಬೇ. ಕಂಕುಳಾಗ ಲಿಂಬಿಕಾಯಿ ಇಟ್ಟಂಗ ಆಗ್ಯಾದ. ರೊಟ್ಟಿ ತಿರುವಾಕ ಬರವಲ್ದು.’

‘ಎಷ್ಟ್ ದಿನ ಆತು?’

‘ಗಣಪತಿ ಹಬ್ಬದಿಂದ. ನಿನಗ ಯಾಕ ತ್ರಾಸ ಕೊಡೋದಂತ ಸುಮ್ನಿದ್ದೆ.’

ಮರುದಿನ ಬೆಳಗಿನ ಬಸ್ಸಿಗೆ ಬಂದಳು, ಕಂಕುಳು ಅಷ್ಟು ನೋಯುತ್ತಿದ್ದರೂ ರೊಟ್ಟಿಯ ಗಂಟು ಬಿಡದೆ. ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ಒಂಬತ್ತು ವರ್ಷದಲ್ಲಿ ಅವಳ ಚಿತ್ರವನ್ನು ನಾನೇ ತೆಗೆಯುತ್ತಿದ್ದುದು ಅದೇ ಮೊದಲು. ‘ಕೈ ಮ್ಯಾಲೆತ್ತು ಚಿಗವ್ವ’ ಎಂದೆ. ಅರ್ಧಕ್ಕೆ ನಿಂತಿತು. ಉಳಿದರ್ಧ ಎತ್ತಲು ನಾನು ಅವಳ ಎಡಗೈ ಹಿಡಿದೆ.

ಆ ಕೈಯಲ್ಲಿ ಹಚ್ಚೆ ಇರಲಿಲ್ಲ.

ಮುಂಗೈ, ಮೊಣಕೈ, ತೋಳು, ತಿರುಗಿಸಿ ನೋಡಿದೆ, ದೀಪ ಹತ್ತಿರ ಎಳೆದು ನೋಡಿದೆ. ಬಾತು ಬಿಗಿದ ಚರ್ಮ ಮಿರಿಮಿರಿ ಮಿಂಚುತ್ತಿತ್ತು. ಒಂದೇ ಒಂದು ಚುಕ್ಕೆ ಇರಲಿಲ್ಲ.

‘ಈ ಕೈಯಾಗ ಹಚ್ಚಿ ಇಲ್ಲೇನು?’ ಎಂದೆ.

‘ಎಲ್ಲೀದು? ಬಲಗೈ ಮುಗದ ಮ್ಯಾಲ ನನಗ ಜ್ವರ ಬಂತು. ಎಡಗೈಗೆ ಮುಂದಿನ ಸಲ ಹಾಕ್ತೀನಿ ಅಂದ್ಲು ಹಚ್ಚಿಯಾಕಿ. ಆಮ್ಯಾಲ ನಮ್ಮ ಊರಿಗೆ ಬರಲೇ ಇಲ್ಲ ಆಕಿ. ನಿಮ್ಮವ್ವ ನನ್ನ ಒಕ್ಕೈಯಾಕಿ ಅಂತ ಕಾಡಿಸ್ತಿದ್ಲಲ್ಲ, ಮರತಿಯೇನು?’ ಎಂದು ನಕ್ಕಳು.

ಮರೆತಿದ್ದೆನೋ, ಕೇಳಿಯೇ ಇರಲಿಲ್ಲವೋ. ದೇವದುರ್ಗದಲ್ಲಿ ಆ ವಯಸ್ಸಿನ ಹೆಂಗಸರಿಗೆಲ್ಲ ಎರಡೂ ಕೈಗೆ ಹಚ್ಚೆ ಇರುವುದನ್ನು ನೋಡುತ್ತ ಬೆಳೆದವಳು ನಾನು. ಚಿಗವ್ವನ ಎಡಗೈ ಮೊಣಕೈತನಕ ಹಿಟ್ಟಿನಲ್ಲಿರುತ್ತಿತ್ತು, ಅದರ ಮೇಲೆ ಕುಪ್ಪಸದ ತೋಳು. ಕಾಣದ ಕೈಗೆ ನಾನೇ ಮನಸ್ಸಿನಲ್ಲಿ ಹಚ್ಚೆ ಹಾಕಿಬಿಟ್ಟಿದ್ದೆ. ಅಂದು ಒಂದೂವರೆ ಗಂಟೆಯ ಬಸ್ಸಿನ ದಾರಿ, ಹೋಗಿ ಒಮ್ಮೆ ನೋಡಿ ಬರಬಹುದಿತ್ತು. ಫೋನ್ ಮಾಡಿ ಕೇಳಬಹುದಿತ್ತು. ಇಲ್ಲೇ ಹೊರಗೆ ನಿಂತು ನನ್ನ ರಟ್ಟೆ ಹಿಡಿದಾಗಲಾದರೂ ಸೆರಗು ಸರಿಸಿ ನೋಡಬಹುದಿತ್ತು.

ಈ ಸಲ ಗಡ್ಡೆ ಕೈಗೇ ಸಿಗುತ್ತಿತ್ತು, ಸೂಜಿಗೆ ಶನಿವಾರ ಕಾಯದೆ ಡಾ. ಜಹೀರ್ ತಾವೇ ಹಾಕಿದರು. ಕ್ಯಾನ್ಸರ್. ಸಿಟಿ ಸ್ಕ್ಯಾನ್ ಮಾಡಿಸಿದೆವು. ಲಿವರಿನಲ್ಲಿ ಮೂರು ಕಡೆ, ಬೆನ್ನುಮೂಳೆಯಲ್ಲಿ ಎರಡು ಕಡೆ. ಅದಕ್ಕೂ ಎಐ ವೃತ್ತ ಎಳೆದಿತ್ತು, ನಮಗೆ ಅದರ ಅಗತ್ಯವಿರಲಿಲ್ಲ. ವೃತ್ತವಿಲ್ಲದೆಯೂ ಕಾಣುವಷ್ಟು ದೊಡ್ಡದಾಗಿದ್ದವು.

ಡಾ. ಜಹೀರ್ ಹೋದ ವರ್ಷದ ಫೈಲು ತೆರೆದರು. ಎಂಬತ್ತನಾಲ್ಕು. ಕೆಳಗೆ, ‘ಹಚ್ಚೆ: ಎರಡೂ ಕೈ’, ಅದರ ಕೆಳಗೆ ನನ್ನ ಹೆಸರು, ದಿನಾಂಕ, ವೇಳೆ. ಆಮೇಲೆ ಮೂವತ್ತೊಂದು.

‘ಆಪರೇಷನ್ ಮಾಡಿದಾವ ನಾನು’ ಎಂದರು. ‘ಕೈಗೆ ಔಷಧ ಹಚ್ಚಿ ಹಸಿರು ಬಟ್ಟಿ ಹೊದಿಸಿದ್ರು. ನಾನೂ ನೋಡಲಿಲ್ಲ. ಸೂಜಿ ಬಿಟ್ಟದ್ದು ನನ್ನ ತಪ್ಪು, ಅದನ್ನ ನಿಮ್ಮ ತಲಿಗೆ ಕಟ್ಟಂಗಿಲ್ಲ.’

ಒಳ್ಳೆಯ ಮಾತೇ. ಆದರೂ ಅವರ ಮೇಲೆ ಸಿಟ್ಟು ಬಂತು. ನನ್ನ ತಪ್ಪಿನಲ್ಲಿ ಪಾಲು ಕೇಳಲು ಇವರು ಯಾರು ಎನಿಸಿತು. ‘ಈಗ ಏನ್ ಮಾಡಬಹುದ್ರಿ ಸರ್?’ ಎಂದೆ.

‘ಗುಣ ಮಾಡಾಕ ಆಗಂಗಿಲ್ಲ. ಕೀಮೋ ಕೊಟ್ಟು ಒಂದಿಷ್ಟು ತಿಂಗಳು ತಳ್ಳಬಹುದು. ನೋವಿಗೆ ಔಷಧ ಕೊಡಬಹುದು.’

‘ಹೋದ ವರ್ಷ ಆರು ಕೀಮೋ ಕೊಟ್ಟಿದ್ರ?’

ಅವರು ಫೈಲು ಮುಚ್ಚಿದರು. ‘ಅವಕಾಶ ಇತ್ತು, ದಾನೇಶ್ವರಿ.’

ಚಿಗವ್ವ ಹೊರಗೆ ಬೆಂಚಿನ ಮೇಲೆ, ರೊಟ್ಟಿಯ ಗಂಟು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಹೋಗಿ ಪಕ್ಕದಲ್ಲಿ ಕುಳಿತೆ. ಬಲಗಡೆ ಗೋಡೆ ಇತ್ತು, ಎಡಕ್ಕೆ ಕುಳಿತೆ. ಸುತ್ತುಬಳಸಿ ಹೇಳಲು ನನಗೆ ಬರುವುದಿಲ್ಲ. ರೋಗ ಎಲ್ಲೆಲ್ಲಿಗೆ ಹೋಗಿದೆ, ಡಾಕ್ಟರು ಏನೆಂದರು, ಅಷ್ಟನ್ನೂ ಹೇಳಿ, ‘ಚಿಗವ್ವ, ಹೋದ ವರ್ಷ ಮಶೀನು ಖರೇನ ಹೇಳಿತ್ತು. ನಿನ್ನ ಎಡಗೈಗೂ ಹಚ್ಚಿ ಅದ ಅಂತ ನೋಡದನ ಬರದಾಕಿ ನಾನು. ನಾ ಬರದದ್ದು ನೋಡಿ ಅದೂ ಸುಮ್ನಾತು, ಡಾಕ್ಟ್ರೂ ಸುಮ್ನಾದ್ರು’ ಎಂದೆ.

ಅವಳು ಸೆರಗು ಸರಿಸಿದಳು. ತನ್ನ ಎಡಗೈಯನ್ನೇ ನೋಡುತ್ತ ಕೇಳಿದಳು, ‘ಅಂದ್ರ ಈ ಕೈಗೂ ಹಚ್ಚಿ ಹಾಕಿಸಿಕೊಂಡಿದ್ರ ಉಳೀತಿದ್ನೇನು?’

‘ಇಲ್ಲ ಚಿಗವ್ವ. ಹಚ್ಚಿ ಇದ್ರೂ ರೋಗ ಇರ್ತಿತ್ತು. ಸೂಜಿ ಹಾಕಿ ನೋಡಬೇಕಿತ್ತು. ನಾ ಬ್ಯಾಡ ಅಂದೆ.’

‘ನಾನೂ ರೊಟ್ಟಿ ಅದಾವಂತ ಬರಲಿಲ್ಲ.’

‘ನೀ ಬರ್ತಿದ್ದಿ. ಡಾಕ್ಟ್ರು ಕಾಯ್ತೀನಂದಿದ್ರು. ಬ್ಯಾಡ ಅಂದಾಕಿ ನಾನು.’

‘ಮಾನ್ವಿ ತುಂಬ ಹೇಳಿಕೊಂಡು ತಿರುಗೀನಲ್ಲೇ’ ಎಂದಳು. ‘ನನ್ನ ಮಗಳು ಮಶೀನ್ ಸೋಲಿಸಿದ್ಲು ಅಂತ. ಎಲ್ಲಾರಿಗೂ ಹೇಳೀನಿ.’ ನನಗೆ ಹೊಡೆಯಲು ಕೈ ಎತ್ತಿದಳು. ನಾನು ಎಡಕ್ಕೆ ಕುಳಿತಿದ್ದೆನಲ್ಲ, ಎತ್ತಿದ್ದು ಎಡಗೈ. ಅದು ಎದೆಯ ಮಟ್ಟಕ್ಕೂ ಏಳಲಿಲ್ಲ. ನೋವಿಗೆ ಹಲ್ಲು ಕಚ್ಚಿ ಕೆಳಗಿಳಿಸಿದಳು. ನಾನೇ ಮುಖ ಬಗ್ಗಿಸಿ ಆ ಕೈಗೆ ಕೊಟ್ಟೆ. ಹೊಡೆಯಲಿಲ್ಲ, ಮುಟ್ಟಲೂ ಇಲ್ಲ. ಇಬ್ಬರೂ ಅತ್ತೆವು. ಹೋಗಿಬರುವವರು ನೋಡುತ್ತಿದ್ದರು.

ಆಮೇಲೆ ಚಿಗವ್ವ ಸೆರಗಿನಿಂದ ಮೂಗು ಒರೆಸಿಕೊಂಡು, ‘ಹಿಂಗ ಕೈ ನೋಡದನ ಬರದದ್ದು ನಂದೊಂದೇನ?’ ಎಂದಳು.

ಅದು ನನಗೆ ಹೊಳೆದೇ ಇರಲಿಲ್ಲ. ಒಳಗೆ ಹೋಗಿ ಕಂಪ್ಯೂಟರಿನಲ್ಲಿ ಹುಡುಕಿದೆ. ವ್ಯಾನಿನಿಂದ ಬಂದ ಚಿತ್ರಗಳಿಗೆ, ವಯಸ್ಸು ಊರು ನೋಡಿ, ‘ಇವರಿಗೆ ಇದ್ದೇ ಇರುತ್ತದೆ’ ಎಂದು ಕುಳಿತಲ್ಲೇ ‘ಎರಡೂ ಕೈ’ ಎಂದು ನಾನು ಹಾಕಿದ್ದು ಇನ್ನೂ ಮೂರು. ಮೂವರೂ ದೇವದುರ್ಗದ ಕಡೆಯವರು. ಚಿಗವ್ವ ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದಳು.

‘ಮೂರು’ ಎಂದೆ.

‘ಫೋನ್ ಹಚ್ಚು.’

ಡಾ. ಜಹೀರ್‌ಗೆ ಹೇಳಿಬಂದು ಫೋನ್ ಹಚ್ಚಿದೆ. ಮೊದಲನೆಯವಳಿಗೆ ಎರಡೂ ಕೈಗೆ ಹಚ್ಚೆ ಇತ್ತು. ಆದರೂ ಶನಿವಾರ ಬಂದು ಸೂಜಿ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿದೆ. ಎರಡನೆಯ ಮನೆಯಲ್ಲಿ ಫೋನೆತ್ತಿದ ಸೊಸೆ, ಅತ್ತೆ ಹೊಲಕ್ಕೆ ಹೋಗಿದ್ದಾಳೆ, ಕೈ ನೋಡಿ ಸಂಜೆ ಹೇಳುತ್ತೇನೆ ಎಂದಳು. ಮೂರನೆಯವಳು ಹುಲಿಗೆಮ್ಮ. ಆಸ್ಪತ್ರೆಯಿಂದ ಎಂದ ಕೂಡಲೇ ಅವಳಿಗೆ ಗಾಬರಿಯಾಯಿತು. ‘ನಂದೆಲ್ಲಾ ಮುಗದದರೀ, ಗಂಟು ತಗದಾರ, ಕರೆಂಟೂ ಕೊಟ್ಟಾರ. ಮತ್ತ್ಯಾಕ ಫೋನ್ ಮಾಡಾಕತ್ತೀರಿ?’ ಎಂದು ಇಡಲು ಹೊರಟಳು.

ಚಿಗವ್ವ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. ‘ಯವ್ವಾ, ಇಡಬ್ಯಾಡ. ನಾ ಡಾಕ್ಟ್ರಲ್ಲ, ನಿನ್ನಂಗ ಗಂಟು ತಗಸಿಕೊಂಡಾಕಿ. ಮಾನ್ವಿ ವೆಂಕಮ್ಮ ಅಂತ. ಒಂದ ಮಾತು ಕೇಳ್ತೀನಿ, ಹೇಳು. ನಿನಗ ಹಚ್ಚಿ ಯಾವ ಕೈಗೆ ಅದ?’

‘ಬಲಗೈಗೆ’ ಎಂದಿತು ಆ ಕಡೆಯ ದನಿ. ‘ಎಡಗೈಯಾಗ ಇಲ್ಲ. ಯಾಕ ಬೇ?’

ಚಿಗವ್ವ ನನ್ನ ಕಡೆ ತಿರುಗಿದಳು. ನಾನು ಫೈಲಿನ ಚಿತ್ರವನ್ನು ಅವಳತ್ತ ತಿರುಗಿಸಿ, ಕೆಂಪು ವೃತ್ತದ ಮೇಲೆ ಬೆರಳಿಟ್ಟೆ. ಎಡ ಕಂಕುಳು.

‘ನಾಳೆ ಮೊದಲನೇ ಬಸ್ಸಿಗೆ ರಾಯಚೂರಿಗೆ ಬಾ ಯವ್ವಾ.’

‘ಹತ್ತಿ ಬಿಡಿಸೋದು ನಡದದ ಬೇ. ಮುಂದಿನ ತಿಂಗಳು ಬರ್ತೀನಿ ತಗೋ. ನನಗೇನಾಗ್ಯಾದ, ಆರಾಮ ಅದೀನಲ್ಲ.’

ಚಿಗವ್ವ ಫೋನನ್ನು ಬಲಗೈಯಿಂದ ಕಿವಿಗೆ ಒತ್ತಿ ಹಿಡಿದಿದ್ದಳು. ಬಾತ ಎಡಗೈ ಪಕ್ಕಕ್ಕೆ ಜೋತಿತ್ತು.

‘ನಾನೂ ಆರಾಮ ಇದ್ದೆ’ ಎಂದಳು.